ಬ್ರೆಜಿಲ್ಲಿನ ಬೇಸಿಗೆ, ಕುರ್ಲಾದ ಶೆಗಡಿ

ನನ್ನ ಮೊಮ್ಮಗಳು ಹತ್ತನೆಯ ಇಯತ್ತೆಯಲ್ಲಿ ಫೇಲಾದದ್ದು ಬ್ರೆಜಿಲ್ ದೇಶದಿಂದ. ಉಳಿದದ್ದನ್ನೆಲ್ಲ ಹೇಗೋ ದಾಟಿದ್ದಳು. ಭೂಗೋಳದ ಪುಸ್ತಕದಲ್ಲಿ ಮೊದಲಿನಿಂದ ಕೊನೆಯವರೆಗೆ ಎರಡೇ ದೇಶ, ಭಾರತ ಮತ್ತು ಬ್ರೆಜಿಲ್. ಇಲ್ಲಿಯ ಗುಡ್ಡ, ಅಲ್ಲಿಯ ಗುಡ್ಡ. ಇಲ್ಲಿಯ ನದಿ, ಅಲ್ಲಿಯ ನದಿ. ಹೆಣ್ಣು ಕೊಡುವ ಮೊದಲು ಎರಡು ಮನೆ ತೂಗಿ ನೋಡುತ್ತಾರಲ್ಲ, ಹಾಗೆ. ಅದರಲ್ಲಿ ಅವಳು ಸೋತಳು. ಜುಲೈಯಲ್ಲಿ ಮತ್ತೊಮ್ಮೆ ಪರೀಕ್ಷೆ ಇತ್ತು.

ಮಗ ಕಟ್ಟಡಗಳಲ್ಲಿ ಸೆಂಟರಿಂಗ್ ಕೆಲಸದವನು. ಒಂದು ವಿಷಯ ಬಾಕಿ ಇದ್ದರೂ ಕಾಲೇಜಿಗೆ ತೆಗೆದುಕೊಳ್ಳುತ್ತಾರೆ ಎಂದು ಪಕ್ಕದ ಖೋಲಿಯವರು ಹೇಳಿದರು. ಅವನು ಕೇಳಲಿಲ್ಲ.

"ಇನ್ನೊಮ್ಮಿ ಫೇಲಾದ್ರ ಸಾಲಿ ಬಂದ್. ನಮ್ಮವ್ವನ ಕೂಡ ಕುಂತು ರೊಟ್ಟಿ ಬಡೀಲಿ" ಎಂದ.

ನಾನು ಬೇಡ ಅನ್ನಲಿಲ್ಲ. ನಾನು ಖಡಕ್ ರೊಟ್ಟಿ ಮಾಡಿ ಮಾರುವವಳು. ಮುಂಬಯಿಯ ಕುರ್ಲಾದ ಈ ಚಾಳಿನ ಗ್ಯಾಲರಿಯಲ್ಲಿ ಕುಳಿತು ಜೋಳದ ರೊಟ್ಟಿ ಬಡಿಯಲು ಶುರುಮಾಡಿ ಬಹಳ ವರ್ಷವಾಯಿತು. ಮಣಿಕಟ್ಟು ಈಗ ಮೊದಲಿನಂತಿಲ್ಲ. ಮೊಮ್ಮಗಳು ಫೇಲಾದರೆ ನನಗೆ ಎರಡು ಕೈ ಸಿಗುತ್ತಿದ್ದವು. ಹುಡುಗಿಗೆ ಮಾತ್ರ ಹನ್ನೊಂದಕ್ಕೆ ಹೋಗಬೇಕು, ಆಮೇಲೆ ನರ್ಸ್ ಆಗಬೇಕು. ಅವಳು ಅತ್ತಳು. ಅಳುವವರು ಅಳಲಿ ಎಂದು ನಾನು ಹಿಟ್ಟು ನಾದಿದೆ.

ಜೂನ್ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಮಳೆಗಾಲದಲ್ಲಿ ನನಗೆ ಕುಳಿತಲ್ಲಿ ಕೂರಲು ಆಗುವುದಿಲ್ಲ. ಖಡಕ್ ರೊಟ್ಟಿ ಹಪ್ಪಳದ ಹಾಗೆ ಮುರಿಯಬೇಕು. ಇಲ್ಲಿಯ ಗಾಳಿ ತಾಗಿದರೆ ಒಂದು ತಾಸಿನಲ್ಲಿ ಹಸಿ ಬಟ್ಟೆಯ ಹಾಗೆ ಬೀಳುತ್ತದೆ. ಅದಕ್ಕೆ ಇದ್ದಿಲ ಶೆಗಡಿ ಇಟ್ಟು, ಅದರ ಸುತ್ತ ಇಟ್ಟಿಗೆ ಜೋಡಿಸಿ, ಬೆಂದ ರೊಟ್ಟಿಗಳನ್ನು ಓರೆಯಾಗಿ ನಿಲ್ಲಿಸುತ್ತೇನೆ. ಕೂರು, ಏಳು, ತಿರುಗಿಸು, ಮೋಡ ನೋಡು, ಮತ್ತೆ ಕೂರು. ಹುಡುಗಿ ಬಾಗಿಲ ಹತ್ತಿರ ಕುಳಿತು ಪುಸ್ತಕ ಒದರುತ್ತಿದ್ದಳು. ಮೂರು ದಿನ ಒಂದೇ ಸಾಲು: ಬ್ರೆಜಿಲ್ಲಿನ ಈಶಾನ್ಯ ಭಾಗವು ಮಳೆಯ ನೆರಳಿನ ಪ್ರದೇಶವಾಗಿದೆ.

ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ.

"ಮಳಿ ನೆರಳಂದ್ರ ಏನ?"

"ಗೊತ್ತಿಲ್ಲ ಆಯಿ. ಪಾಠ್ ಮಾಡೂದೈತಿ, ಬಸ್."

ನನ್ನನ್ನು ಅವಳು ಆಯಿ ಅನ್ನುತ್ತಾಳೆ. ಅವಳ ಮಾತು ಅರ್ಧ ಕನ್ನಡ, ಅರ್ಧ ಹಿಂದಿ. ನಾನು ಮೂರನೆಯ ಇಯತ್ತೆವರೆಗೆ ಕಲಿತವಳು. ಅವಳ ಸಾಲೆಯ ಪುಸ್ತಕ ಕನ್ನಡದ್ದೇ; ಕಸಿದುಕೊಂಡು ಬೆರಳಿಟ್ಟು ಓದಿದೆ. ಸಮುದ್ರದ ಕಡೆಗೆ ಎತ್ತರದ ಗುಡ್ಡದ ಸಾಲು, ಅದರ ಈಚೆ ಮಳೆ, ಆಚೆ ಒಣ ಸೀಮೆ. ಓದಿ ಸಿಟ್ಟೇ ಬಂತು.

"ಹುಚ್ಚಿ, ಇದು ನಮ್ಮೂರಿನ ಸುದ್ದಿ. ವಿಜಾಪುರದಿಂದ ರೊಟ್ಟಿ ಕಟ್ಟಿಕೊಂಡು ಗಾಡಿ ಹತ್ತತೀವಿ. ಸೊಲ್ಲಾಪುರದಾಗ ರೊಟ್ಟಿ ಹೆಂಗಿರತೈತಿ?"

"ಖಡಕ್."

"ಲೋಣಾವಳದ ಘಾಟ್ ಇಳದು ಕರ್ಜತ್ ಬಂದ ಮ್ಯಾಲ?"

"ಮೆತ್ತಗ."

"ಯಾಕ? ಮೋಡ ಸಮುದ್ರದಿಂದ ತುಂಬಿದ ಕೊಡ ಹೊತ್ತು ಬರತೈತಿ. ಘಾಟ್ ಹತ್ತೂದ್ರಾಗ ಎಲ್ಲಾ ಈ ಕಡಿ ಚೆಲ್ಲತೈತಿ. ಆ ಕಡಿ ನಮ್ಮೂರಿಗೆ ಮುಟ್ಟೂದು ಖಾಲಿ ಕೊಡ. ಅಲ್ಲೂ ಹಂಗ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, ನೋಡದೆಯೇ ಆ ಪಾಠವನ್ನು ತನ್ನ ಮಾತಿನಲ್ಲಿ ಹೇಳಿದಳು. ಅಂದಿನಿಂದ ನಾನೇ ಮಾಸ್ತರಾದೆ. ಅಮೆಜಾನ್ ಕಾಡಿನಲ್ಲಿ ದಿನಾ ಮಧ್ಯಾಹ್ನ ಮಳೆಯಂತೆ. "ಅಲ್ಲಿ ರೊಟ್ಟಿ ಮಾರಾವರು ಉಪವಾಸ ಸಾಯ್ತಾರ" ಎಂದೆ. ಅವರಿಗೆ ಹಿಮಾಲಯದಂಥ ಹಿಮದ ಬೆಟ್ಟವಿಲ್ಲವಂತೆ. "ಇರಲಿ, ನಮಗಾದರೂ ಎಲ್ಲಿ ಕಾಣತೈತಿ" ಎಂದೆ. ಹುಡುಗಿ ನಗುತ್ತಿದ್ದಳು. ಮಗ ಒಳಗಿನಿಂದ ಕೇಳುತ್ತಿದ್ದ.

ಆಮೇಲೆ ಹವಾಮಾನದ ಪಾಠ ಬಂತು. ಬ್ರೆಜಿಲ್ಲಿನಲ್ಲಿ ಡಿಸೆಂಬರಿನಲ್ಲಿ ಬೇಸಿಗೆ, ಜೂನಿನಲ್ಲಿ ಚಳಿಗಾಲ ಎಂದು ಅವಳು ವಹಿಯಲ್ಲಿ ಬರೆದಿದ್ದಳು.

"ತಪ್ಪು. ಹೊಡದ ಹಾಕು."

"ಆಯಿ, ಬುಕ್‌ನಾಗ ಐತಿ."

"ನೀ ತಿರುಗಾ ಮುರುಗಾ ಬರಕೊಂಡಿ. ಅದಕ್ಕ ಫೇಲಾದಿ. ಸೂರ್ಯ ಎಷ್ಟದಾನ? ಒಬ್ಬ. ಅವ ಮೇ ತಿಂಗಳದಾಗ ಸುಡತಾನ, ಡಿಸೆಂಬರದಾಗ ತಣ್ಣಗಾಗತಾನ. ಅವರಿಗೇನು ಬ್ಯಾರೆ ಸೂರ್ಯನ್ನ ಕೊಟ್ಟಾರ?"

ಪೆನ್ನು ಅವಳ ಕೈಗೆ ತುರುಕಿ, ಎದುರಿಗೆ ಕುಳಿತು ಆ ಸಾಲು ಹೊಡೆದು ಹಾಕಿಸಿದೆ. ಮಳೆಯ ನೆರಳು ತಿಳಿದ ಮೇಲೆ ನನಗೆ ಎಲ್ಲಾ ತಿಳಿದಂತೆ ಆಗಿತ್ತು. ಹುಡುಗಿ ವಹಿ ಹಿಡಿದು ಶೆಗಡಿಯ ಹತ್ತಿರ ಹೋಗಿ ಕುಳಿತಳು.

ಪರೀಕ್ಷೆಯ ದಿನ ಮುಂಜಾನೆ ಅವಳು ನಡೆದೇ ಹೋದಳು, ಸೆಂಟರ್ ಹತ್ತಿರದಲ್ಲಿತ್ತು. ನಾನು ಡಬ್ಬಿಯಲ್ಲಿ ರೊಟ್ಟಿ ತುಂಬಿ ಪ್ಲಾಸ್ಟಿಕ್ ಸುತ್ತಿ ಗ್ರಾಂಟ್ ರೋಡಿಗೆ ಹೋದೆ. ಅಲ್ಲಿ ಉಡುಪಿ ಕಡೆಯವರ ಒಂದು ಹೋಟೆಲಿಗೆ ವಾರಕ್ಕೆರಡು ಸಲ ರೊಟ್ಟಿ ಕೊಡುತ್ತೇನೆ. ಗಲ್ಲೆಯ ಮೇಲೆ ಯಜಮಾನರೇ ಇದ್ದರು.

"ಎಂತ ಅಜ್ಜಿ, ಇವತ್ತು ಮುಖ ಹೀಗೆ?"

ಮೊಮ್ಮಗಳ ಪರೀಕ್ಷೆ ಎಂದೆ. ಭಾರತ, ಬ್ರೆಜಿಲ್ ಎಂದೆ. ಡಿಸೆಂಬರಿನಲ್ಲಿ ಬೇಸಿಗೆ ಎಂಬ ಬುಕ್ಕಿನ ತಪ್ಪನ್ನೂ ನಾನೇ ತಿದ್ದಿಸಿದೆ ಎಂದು ಜಂಬ ಕೊಚ್ಚಿದೆ. ಅವರು ಗಲ್ಲೆಯ ಮೇಲೆ ಕೈ ತಟ್ಟಿ ನಕ್ಕರು.

"ಅಯ್ಯೋ ಮಾರಾಯ್ತಿ, ಪುಸ್ತಕವೇ ಸರಿ! ಭೂಮಿಯ ಕೆಳಗಿನ ಅರ್ಧ ಅಲ್ವಾ ಅದು? ನಾವು ಹೊಸ ವರ್ಷಕ್ಕೆ ಶಾಲು ಹೊದೆಯುವಾಗ ಅವರು ಸಮುದ್ರದ ಬದಿಯಲ್ಲಿ ಬನಿಯನ್ ತೆಗೆದು ಕುಣಿಯುವುದು. ಟಿವಿಯಲ್ಲಿ ತೋರಿಸ್ತಾರೆ."

"ಸೂರ್ಯ ಒಬ್ಬನ ಅಲ್ಲೇನ್ರಿ?"

"ಒಬ್ಬನೇ. ಅದನ್ನೆಲ್ಲ ನನ್ನ ಹತ್ರ ಕೇಳ್ಬೇಡಿ, ನಾನು ಚಹಾ ಮಾರುವವ. ಒಂದು ಚಹಾ ಕುಡೀರಿ."

ಚಹಾ ಕುಡಿಯಲಿಲ್ಲ. ಖಾಲಿ ಡಬ್ಬಿ ಹಿಡಿದು ಸ್ಟೇಷನ್ನಿಗೆ ಬಂದೆ. ಸೇತುವೆ ದಾಟಿ ಪರೇಲಿನಲ್ಲಿ ಗಾಡಿ ಬದಲಿಸಿದೆ. ಮಳೆ ಬಿಡಲಿಲ್ಲ. ಸಾಯನ್ ಹತ್ತಿರ ಬರುವಷ್ಟರಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ನಿಂತುಬಿಟ್ಟಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹೆಂಗಸರ ಬೋಗಿಯಲ್ಲಿ ಯಾರೋ ಜಾಗ ಕೊಟ್ಟರು. ಕುಳಿತೆ. ಎದ್ದೆ. ಬಾಗಿಲ ತನಕ ಹೋಗಿ ನೀರು ನೋಡಿ ಬಂದೆ. "ಓ ಆಜಿ, ಬಸಾ ನಾ" ಎಂದು ಒಬ್ಬಳು ಮರಾಠಿಯಲ್ಲಿ ಗದರಿದಳು, ಕೂತುಕೋ ಅಜ್ಜಿ ಅಂತ. ಮತ್ತೆ ಎದ್ದೆ.

ನನ್ನನ್ನು ತಿನ್ನುತ್ತಿದ್ದದ್ದು ತಪ್ಪು ಹೇಳಿಕೊಟ್ಟೆನಲ್ಲ ಎಂಬುದಷ್ಟೇ ಅಲ್ಲ. ತಪ್ಪು ಯಾರು ಹೇಳುವುದಿಲ್ಲ? ಈ ತಪ್ಪಿನಿಂದ ಲಾಭ ನನಗೇ ಇತ್ತು. ಹುಡುಗಿ ಫೇಲಾದರೆ ನಾಳೆಯಿಂದ ಅವಳು ನನ್ನ ಎದುರಿಗೆ ಕುಳಿತು ರೊಟ್ಟಿ ಬಡಿಯುತ್ತಾಳೆ. ಬಡಿಯುವಾಗೆಲ್ಲ ನನ್ನ ಮುಖ ನೋಡುತ್ತಾಳೆ. ಬೇಕೆಂದೇ ಹೇಳಿಕೊಟ್ಟೆ ಎಂದರೆ ನಾನು ಏನು ಉತ್ತರ ಕೊಡಲಿ? ಅವಳು ಹಾಗೆ ಅನ್ನದಿದ್ದರೂ ನನಗೆ ಅದು ಕೇಳಿಸುತ್ತದೆ. ಆ ಗಾಡಿಯಲ್ಲಿ ನಿಂತಾಗಲೇ ನನಗೆ ಆ ಎರಡು ಕೈ ಬೇಡವಾದವು.

ಗಾಡಿ ಆಮೆಯಂತೆ ಹೊರಟು ಕುರ್ಲಾ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಮೊಣಕಾಲುದ್ದ ನೀರಿನಲ್ಲಿ ನಡೆದು ಚಾಳಿಗೆ ಬಂದೆ. ಹುಡುಗಿ ಆಗಲೇ ಬಂದು, ಶೆಗಡಿ ಹೊತ್ತಿಸಿ, ಮುಂಜಾನೆ ಉಳಿದಿದ್ದ ರೊಟ್ಟಿ ನಿಲ್ಲಿಸುತ್ತಿದ್ದಳು.

"ಬ್ರೆಜಿಲ್ಲಿನ ಬ್ಯಾಸಗಿ ಕೇಳಿದ್ರೇನ?"

"ಕೇಳಿದ್ರು."

"ಏನ ಬರದಿ?"

"ಡಿಸೆಂಬರ್."

"ನಾ ಹೊಡದ ಹಾಕಿಸಿದ್ನೆಲ್ಲ?"

"ವಹಿಯಾಗ ಹೊಡದ ಹಾಕಿದ್ದೆ. ತಲಿಯಾಗ ಅಲ್ಲ." ಆಮೇಲೆ ನನ್ನ ಒದ್ದೆ ಸೀರೆ ನೋಡಿ, "ಕುಂದುರು, ತೋರಸ್ತೀನಿ" ಎಂದಳು.

ಒಂದು ರೊಟ್ಟಿ ಎತ್ತಿ ಶೆಗಡಿಯ ಈಚೆ ಹಿಡಿದಳು, ಮೇಲಿನ ಅಂಚು ಕೆಂಡದ ಕಡೆ ವಾಲಿಸಿ.

"ಶೆಗಡಿ ಸೂರ್ಯ. ರೊಟ್ಟಿ ಭೂಮಿ. ಮ್ಯಾಲಿನ ಅಂಚಿನಾಗ ನಾವು ಅದೀವಿ, ಕೆಳಗ ಬ್ರೆಜಿಲ್. ಯಾವ ಅಂಚು ಬಿಸಿ?"

"ಮ್ಯಾಲಿಂದು."

"ಅದು ನಮ್ಮ ಬ್ಯಾಸಗಿ. ಈಗ ನೋಡು, ಓರೆ ಬದಲ್ ಮಾಡೂದಿಲ್ಲ." ರೊಟ್ಟಿಯ ವಾಲು ಹಾಗೆಯೇ ಇಟ್ಟು ಶೆಗಡಿಯ ಆಚೆ ಬದಿಗೆ ಒಯ್ದಳು. "ಆರು ತಿಂಗಳಾತು, ಡಿಸೆಂಬರ್ ಬಂತು. ಈಗ?"

ಈಗ ಕೆಳಗಿನ ಅಂಚು ಕೆಂಡಕ್ಕೆ ಹತ್ತಿರವಾಗಿತ್ತು. ಮೇಲಿನದು ದೂರ. ರೊಟ್ಟಿ ಅದೇ, ಶೆಗಡಿ ಒಂದೇ. ಇಷ್ಟು ವರ್ಷ ರೊಟ್ಟಿಗಳನ್ನು ಆಚೆ ಈಚೆ ಒಯ್ದವಳು ನಾನು. ಯಾವ ಅಂಚು ಮೊದಲು ಖಡಕ್ ಆಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

"ಆವತ್ತು ನೀ ಬೈದ ಮ್ಯಾಲ ಇಲ್ಲೇ ಕುಂತು ತಿಳಕೊಂಡೆ" ಎಂದಳು.

"ಹೇಳಬೇಕೋ ಇಲ್ಲೋ ನನಗ?"

"ಹೇಳಿದ್ರ ನೀ ಸೂರ್ಯಂಗೂ ಬೈತಿದ್ದಿ."

ನಾನು ಸೀರೆ ಹಿಂಡಿದೆ.

ಫಲಿತಾಂಶ ಬರುವ ತನಕ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ನಾಲ್ಕು ರೊಟ್ಟಿ ಹೊತ್ತಿಸಿ ಕರ್ರಗೆ ಮಾಡಿದೆ. ಬಂದ ದಿನ ಮಗ ಮೊಬೈಲಿನಲ್ಲಿ ನೋಡಿದ, ಎರಡು ಸಲ ನೋಡಿದ. "ಪಾಸ್" ಎಂದು ಹೇಳಿ ನೀರು ಕುಡಿಯಲು ಒಳಗೆ ಹೋದ. ಹುಡುಗಿ ನನ್ನನ್ನು ಹಿಡಿದು ಕುಣಿಸಲು ಬಂದಳು. "ಬಿಡ, ಹಿಟ್ಟಿನ ಕೈ" ಎಂದೆ. ಆಮೇಲೆ ಮಗನಿಗೆ ಕೇಳುವಂತೆ ಹೇಳಿದೆ, "ನನಗ ರೊಟ್ಟಿ ಬಡಿಯಾಕ ಒಬ್ಬ ಹೆಣ್ಮಗಳನ್ನ ನೋಡು. ಇಕಿಗಿ ಕಾಲೇಜ್ ಐತಿ."

ಯಾರೂ ಸಿಕ್ಕಿಲ್ಲ. ಈಗ ಡಿಸೆಂಬರು. ಮುಂಜಾನೆ ಒಬ್ಬಳೇ ಬಡಿಯುತ್ತೇನೆ, ಮಣಿಕಟ್ಟು ನೋಯುತ್ತದೆ. ರೊಟ್ಟಿಯನ್ನು ಶೆಗಡಿಯ ಆಚೆಗೆ ಒಯ್ಯುವಾಗ ಕೆಳಗಿನ ಅಂಚಿನ ಮೇಲೆ ಕಣ್ಣು ಹೋಗುತ್ತದೆ. ಅಲ್ಲಿ ಈಗ ಬಿಸಿಲು. ಈ ಹಾಳು ಬ್ರೆಜಿಲ್ ನನ್ನ ತಲೆಯಿಂದ ಇಳಿಯುವುದಿಲ್ಲ. ಅದನ್ನು ನೋಡುತ್ತಾ ಕುಳಿತರೆ ರೊಟ್ಟಿ ಹೊತ್ತುತ್ತದೆ, ಏಳಬೇಕು.