ಹಗುರ ಕೈಯ ಸೂಜಿ

ಕಲಾವತಿಯ ಸೊಂಟದ ಕೆಳಗೆ ಎದ್ದ ಬಾವು ಔಷಧದಿಂದ ಆದದ್ದಲ್ಲ. ನನ್ನ ಸೂಜಿಯಿಂದ ಆದದ್ದು. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಔಷಧದ ಮೇಲೆ ಹಾಕಿದೆ.

ಬರೆದದ್ದಾಯಿತು. ಇನ್ನು ಉಳಿದದ್ದು ಹೇಳುತ್ತೇನೆ. ಮೂರನೆಯ ಇಯತ್ತೆ ಕಲಿತವಳು ನಾನು, ಅಕ್ಷರ ತಪ್ಪಿದರೆ ನೀವೇ ತಿದ್ದಿಕೊಳ್ಳಿ.

ಕಲಾ ನನ್ನ ತಂಗಿಯ ಮಗಳು. ಹುಟ್ಟಿದಾಗ ಗಂಡೆಂದು ಹೆಸರಿಟ್ಟಿದ್ದೆವು. ತಂಗಿ ತೀರಿಕೊಂಡ ಮೇಲೆ ಯಾದಗಿರಿ ಕಡೆಯಿಂದ ಕರೆತಂದು, ಹೈದರಾಬಾದಿನ ಬಾಲಾನಗರದಲ್ಲಿದ್ದ ನನ್ನ ಒಂದು ಕೋಣೆಯ ಮನೆಯಲ್ಲಿ ಬೆಳೆಸಿದೆ. ದೊಡ್ಡವಳಾದ ಮೇಲೆ ಒಂದು ದಿನ, ತಾನು ಹೆಣ್ಣು, ಹೆಣ್ಣಾಗಿಯೇ ಬದುಕುತ್ತೇನೆ ಎಂದಳು. ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸದೆ ನಿಂತು ಕೇಳಿಸಿಕೊಂಡಳು. ಬೈದು ಬೈದು ನನಗೇ ಸಾಕಾಯಿತು. ಟ್ರಂಕಿನಿಂದ ಅವಳವ್ವನ ಹಸಿರು ಸೀರೆ ತೆಗೆದು ಕೈಗೆ ಕೊಟ್ಟೆ. ಅಲ್ಲಿಗೆ ಆ ಜಗಳ ಮುಗಿಯಿತು.

ನಾನು ಒಂದು ಸಣ್ಣ ದವಾಖಾನೆಯಲ್ಲಿ ಆಯಾ ಆಗಿದ್ದೆ. ನೆಲ ಒರೆಸಲು ಸೇರಿದವಳು ನೋಡಿ ನೋಡಿ ಸೂಜಿ ಹಾಕುವುದನ್ನು ಕಲಿತೆ. ಆಗ ಗಾಜಿನ ಸಿರಿಂಜು, ಉಕ್ಕಿನ ಸೂಜಿ — ಕುದಿಸುವುದು, ಮತ್ತೆ ಅದನ್ನೇ ಬಳಸುವುದು. ನಮ್ಮ ಬಸ್ತಿಯ ಓಣಿಗಳಲ್ಲಿ ಯಾರಿಗೆ ಜ್ವರ ಬಂದರೂ ನನ್ನ ಬಾಗಿಲಿಗೇ ಬರುತ್ತಿದ್ದರು. "ಅಮ್ಮಾ ಕಾ ಹಾತ್ ಹಲ್ಕಾ ಹೈ" ಎನ್ನುವರು. ಕೈ ಹಗುರ, ಚುಚ್ಚಿದ್ದೇ ತಿಳಿಯುವುದಿಲ್ಲ ಎಂದು. ಓದು ಇಲ್ಲ, ರೂಪ ಇಲ್ಲ, ಗಂಡ ಇದ್ದೂ ಇಲ್ಲ — ನನಗಿದ್ದದ್ದು ಅದೊಂದೇ ಹೆಸರು.

ಕಲಾ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ತಾನೇ ಡಾಕ್ಟರರನ್ನು ಹುಡುಕಿಕೊಂಡಳು. ಅವರು ಹಾರ್ಮೋನಿನ ಇಂಜೆಕ್ಷನ್ ಬರೆದರು. ಎಣ್ಣೆಯಂಥ ಔಷಧ, ಸ್ನಾಯುವಿನ ಒಳಕ್ಕೆ ಹೋಗಬೇಕು, ಮನೆಯಲ್ಲೇ ಹಾಕಿಕೊಳ್ಳಬಹುದು. ಅಲ್ಲಿನ ಸಿಸ್ಟರ್ ನಮ್ಮಿಬ್ಬರನ್ನೂ ಕೂರಿಸಿ ತೋರಿಸಿಕೊಟ್ಟಳು. ಕೈ ತೊಳೆಯಬೇಕು. ತೊಡೆಯ ಹೊರಬದಿಯ ನಡುವೆ ಸ್ಪಿರಿಟ್ ಹಚ್ಚಿ, ಅದು ಆರಿದ ಮೇಲೆ ನೇರ ಚುಚ್ಚಿ ನಿಧಾನ ಬಿಡಬೇಕು. ಈ ಸಲ ಎಡಗಾಲು, ಮುಂದಿನ ಸಲ ಬಲಗಾಲು. ಎದೆ ನೋಯಬಹುದು, ತಲೆ ನೋಯಬಹುದು, ಸುಮ್ಮಸುಮ್ಮನೆ ಅಳು ಬರಬಹುದು, ಬಂದಾಗ ತಿಳಿಸಿ. ಆದರೆ ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾದರೆ — ಕಾಯಬೇಡಿ, ಆಗಲೇ ಬನ್ನಿ. ಕೊನೆಗೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ, "ಪ್ರತಿಸಾರಿ ಕೊತ್ತ ಸೂದಿ, ಅಮ್ಮಾ" ಎಂದಳು. ಪ್ರತಿ ಸಲ ಹೊಸ ಸೂಜಿ. ನಾನು ಒಳಗೇ ನಕ್ಕೆ. ನಿನ್ನೆ ಮೊನ್ನೆಯ ಹುಡುಗಿ, ನನಗೆ ಸೂಜಿ ಹೇಳಿಕೊಡುತ್ತಾಳೆ —

ಮನೆಗೆ ಬಂದು ಕಲಾ ಸಿರಿಂಜನ್ನು ನನ್ನ ಕಡೆ ಚಾಚಿದಳು.

"ನನ್ನ ಕೈಲೆ ಆಗೂದಿಲ್ಲ ದೊಡ್ಡವ್ವ, ನೀನ ಹಾಕು."

"ಮಾರಿ ಗ್ವಾಡಿ ಕಡೆ ಮಾಡಿ ಮಲಕೋ. ಕುಂಡಿ ಅಲ್ಲಾಡಿಸಬ್ಯಾಡ."

"ತೊಡಿಗೆ ಅಂದಾಳ ಸಿಸ್ಟರ್."

"ನಿನ್ನ ಸಿಸ್ಟರ್ ಹುಟ್ಟೂದಕ್ಕಿಂತ ಮೊದಲ ಅರ್ಧ ಬಾಲಾನಗರದ ಕುಂಡಿಗೆ ಸೂಜಿ ಹಾಕೀನಿ. ಸುಮ್ನ ಮಲಕೋ!"

ನಕ್ಕು ನಕ್ಕು ಅವಳು ಇನ್ನೂ ಅಲ್ಲಾಡಿದಳು.

ವಾರ ಬಿಟ್ಟು ವಾರ, ಭಾನುವಾರದ ಮಧ್ಯಾಹ್ನ. ಸುತ್ತಲಿನ ಲೇತ್ ಮಷೀನುಗಳೆಲ್ಲ ಅಂದು ಬಾಯಿ ಮುಚ್ಚಿರುತ್ತಿದ್ದವು. ಅವಳು ಔಷಧದ ಸೀಸೆಯನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತ ಕಾರ್ಖಾನೆಯ ಸುದ್ದಿ ಹೇಳುತ್ತಿದ್ದಳು — ಯಾರು ಯಾರೊಂದಿಗೆ ಓಡಿಹೋದರು, ಸೂಪರ್‌ವೈಸರ್ ಹೇಗೆ ನಡೆಯುತ್ತಾನೆ. ಎದ್ದು ನಡೆದು ತೋರಿಸುವಳು. ಸೂಜಿ ಮುಗಿದ ಮೇಲೆ ಅವಳ ತಲೆ ಬಾಚುತ್ತಿದ್ದೆ. ಬರಬರುತ್ತ ಅವಳ ಕೆನ್ನೆ ಮೃದುವಾಯಿತು. ಒಂದೊಂದು ಸಲ, ತಂಗಿಯೇ ಬಂದು ನನ್ನ ಮುಂದೆ ಕೂತಂತೆ — ಅಂಥ ಮಧ್ಯಾಹ್ನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಅವಳಿಗೆ ಸೂಜಿ ನೋಡಲು ಆಗುತ್ತಿರಲಿಲ್ಲ. ಹಾಗಾಗಿ ನಾನು ಮಾಡಿದ್ದು ಅವಳಿಗೆ ಕಾಣಲಿಲ್ಲ. ಒಂದೇ ಸಲ ಬಳಸಿದ ಸೂಜಿ ಎಸೆಯಲು ನನ್ನ ಕೈ ಬರುತ್ತಿರಲಿಲ್ಲ. ಅದನ್ನು ಲೋಟದ ಕುದಿನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ. ಪ್ಲಾಸ್ಟಿಕ್ಕಿನ ಸಿರಿಂಜನ್ನೂ ಹಾಗೆಯೇ ತೊಳೆದು ಇಡುತ್ತಿದ್ದೆ. ಹೊಸವು ಪೊಟ್ಟಣದಲ್ಲೇ ಉಳಿದವು. ಹಾಕುತ್ತಿದ್ದದ್ದೂ ಯಾವಾಗಲೂ ಒಂದೇ ಬದಿಗೆ — ಗೋಡೆಯ ಕಡೆ ಮಲಗಿದರೆ ನನಗೆ ಎಟುಕುವ ಬದಿ. ಆಮೇಲೆ ಬಿಸಿ ಉಪ್ಪಿನ ಗಂಟಿನಿಂದ ಗಸಗಸ ತಿಕ್ಕುವುದು.

ಗಂಟು ಕಟ್ಟಿತು. ಕೆಂಪಾಯಿತು. ಕಾಯಬೇಡಿ ಎಂದಿದ್ದರಲ್ಲ — ನಾನು ಇನ್ನಷ್ಟು ಉಪ್ಪಿನ ಶಾಖ ಕೊಟ್ಟೆ. ಜ್ವರ ಏರಿ ಅವಳು ಬಡಬಡಿಸತೊಡಗಿದಾಗ ಆಟೋದಲ್ಲಿ ಒಯ್ದೆ. ಕೊಯ್ದು ಕೀವು ತೆಗೆದರು. ಪ್ರತಿ ಸಲ ಹೊಸ ಸೂಜಿಯೇ ಬಳಸಿದಿರಾ ಎಂದು ಅಲ್ಲಿನ ಡಾಕ್ಟರ್ ಹಿಂದಿಯಲ್ಲಿ ಕೇಳಿದರು. ಆ ನೋವಿನಲ್ಲೂ ಕಲಾ ತಲೆ ಎತ್ತಿ, "ಹರ್ ಬಾರ್ ನಯೀ, ಮೇಡಂ. ಹಮಾರಿ ದೊಡ್ಡವ್ವ ದವಾಖಾನೆವಾಲಿ ಹೈ" ಎಂದಳು. ಪ್ರತಿ ಸಲ ಹೊಸದೇ, ನಮ್ಮ ದೊಡ್ಡವ್ವ ದವಾಖಾನೆಯವಳು ಎಂದು.

ದವಾಖಾನೆವಾಲಿ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮನೆಯಲ್ಲಿ ಕೇಳಿದಳು, "ಯಾಕ ಹಿಂಗಾತು ದೊಡ್ಡವ್ವ?"

"ಆ ಔಷಧ ನಿನ್ನ ಮೈಗೆ ಒಗ್ಗೂದಿಲ್ಲ, ಬಿಡು."

ಬಿಟ್ಟಳು. ನನ್ನ ಕೈಯನ್ನು ನಂಬಿದ್ದಳು, ಬಾಯನ್ನೂ ನಂಬಿದಳು. ಕೆಲ ತಿಂಗಳಲ್ಲಿ ಮೈ ಹಿಂದಿನಂತಾಗುತ್ತ ಬಂತು. ಗದ್ದ ಮುಚ್ಚುವಂತೆ ದುಪಟ್ಟಾ ಸುತ್ತಿಕೊಂಡು ಕಾರ್ಖಾನೆಯ ಬಸ್ಸು ಹತ್ತುವಳು. ಸೂಪರ್‌ವೈಸರನ ನಡಿಗೆ ಮತ್ತೆ ನಡೆದು ತೋರಿಸಲಿಲ್ಲ. ಕೊನೆಗೆ ಪಟಾನ್‌ಚೆರುವಿನಲ್ಲೇ ಕೋಣೆ ಹಿಡಿದಳು. ಒಂದು ಮಾತು ಆಡಿದ್ದರೆ ಅವಳ ಆ ವರ್ಷಗಳು — ನಾನು ಆಡಲಿಲ್ಲ. ಹೆಸರು ಕೆಟ್ಟೀತೆಂದು.

ಹೋದ ತಿಂಗಳು ಬಂದಿದ್ದಳು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಔಷಧ ಮತ್ತೆ ಶುರು ಮಾಡಬಹುದು ಎಂದಿದ್ದಾರಂತೆ.

"ನಾನ ಬ್ಯಾಡ ಅಂದೆ. ನನ್ನ ಮೈಗೆ ಒಗ್ಗೂದಿಲ್ಲಲ್ಲ."

ಆಗ ಹೇಳಿದೆ. ಲೋಟ, ಕುದಿನೀರು, ಬಿಳಿ ಬಟ್ಟೆ, ಎಲ್ಲ ಹೇಳಿದೆ. ಅವಳು ನನ್ನ ಕೈಯನ್ನೇ ನೋಡಿದಳು.

"ಆವಾಗ್ಲೇ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೊನ್ನೆ ಭಾನುವಾರ ಫೋನ್ ಮಾಡಿದಳು. "ಶುರು ಮಾಡೀನಿ. ನಾನ ಹಾಕ್ಕೊಂಡೆ" ಎಂದು ಇಷ್ಟೇ ಹೇಳಿ ಇಟ್ಟಳು.

ನೋವಾಯಿತೇ ಎಂದು ಕೇಳುವ ಬಾಯಿ ನನಗಿರಲಿಲ್ಲ.