ಒಳ್ಳೆ ಬೆಂಕಿಗೆ ಹೊಗೆಯಿಲ್ಲ

ಅಪ್ಪನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕು ಅಂತ ನಾನೂ ಅಂಥ ಪ್ರಯತ್ನವನ್ನೇನೂ ಮಾಡಿಲ್ಲ. ಊರಿನವರು ಅವನನ್ನು ನೆನೆಸಿಕೊಂಡು ಎಂಥ ಕೆಲಸಗಾರ, ಎಂಥ ಮನುಷ್ಯ ಅನ್ನುವಾಗ ಹೂಂ ಅನ್ನುತ್ತೇನೆ. ಅದು ಸುಳ್ಳೂ ಅಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ಕಟ್ಟಿದವರು ಒಂದು ದಿನದ ಮಟ್ಟಿಗಾದರೂ ನಮ್ಮ ಮನೆಗೆ ಬಂದು ಹೋಗಿರಬೇಕು.

ತಾಳವಾಡಿ ಪಕ್ಕದ ಜೀರಹಳ್ಳಿಯಲ್ಲಿ ನಮ್ಮದು ಕೂಲಿ ಮಾಡಿ ತಿನ್ನುವ ಮನೆ. ಅಪ್ಪ ಮೀಸೆ ಮೂಡುವ ವಯಸ್ಸಿಗೇ ಘಟ್ಟ ಇಳಿದು, ಸತ್ಯಮಂಗಲದಿಂದಾಚೆಗೆ ಇನ್ನೆರಡು ಬಸ್ಸು ಬದಲಿಸಿದರೆ ಸಿಗುವ ಊರೊಂದರ ಲೋಕೋ ಶೆಡ್ಡಿನಲ್ಲಿ ಬೂದಿ ತೋಡುವ ಕೆಲಸಕ್ಕೆ ಸೇರಿದ. ಅಲ್ಲಿಂದ ಬೆಟ್ಟ ಹತ್ತುವ ಪುಟ್ಟ ರೈಲೊಂದು ಹೊರಡುತ್ತಿತ್ತು. ಬೂದಿ ತೋಡುತ್ತಾ, ಎಂಜಿನ್ ಒರೆಸುತ್ತಾ ಕೊನೆಗೆ ಫೈರ್‌ಮನ್ ಆದ. ಉಗಿ ಎಂಜಿನ್ನಿನ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಎರಚುತ್ತಾ, ಬೆಟ್ಟದ ತುದಿಯವರೆಗೂ ಉಗಿ ಇಳಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಮನೆಗೆ ಬರುತ್ತಿದ್ದದ್ದು ತಿಂಗಳಿಗೆ ಎರಡು ದಿನ.

ಆ ಎರಡು ದಿನ ನಮಗೆ ಸಾಕುಸಾಕಾಗುತ್ತಿತ್ತು. ರಸ್ತೆಯ ತಿರುವಿನಲ್ಲಿ ಬಸ್ಸಿಳಿದವನು ಮೊದಲು ನೋಡುತ್ತಿದ್ದದ್ದು ನಮ್ಮ ಮುಖ ಅಲ್ಲ, ಮನೆಯ ಸೂರು. ಹೆಂಚಿನ ಸಂದಿಯಿಂದ ಹೊಗೆ ಬರುತ್ತಿದ್ದರೆ ಮುಗಿಯಿತು, ಚೀಲ ಕೆಳಗಿಡುವ ಮೊದಲೇ ಅವ್ವನಿಗೆ ಪಾಠ ಶುರು. ಹೊಗೆ ಅಂದರೆ ಉರಿಯದೆ ವ್ಯರ್ಥವಾಗಿ ಹೋದ ಸೌದೆ, ಹೊಗೆ ಎಬ್ಬಿಸುವವಳಿಗೆ ಒಲೆ ಉರಿಸಲು ಬರುವುದಿಲ್ಲ ಅಂತ ಅರ್ಥ, ಶೆಡ್ಡಿನಲ್ಲಿ ಯಾವನ ಎಂಜಿನ್ ಕಪ್ಪು ಹೊಗೆ ಬಿಡುತ್ತದೋ ಅವನನ್ನು ಉಳಿದವರು ಕೂಗಿ ನಗುತ್ತಾರೆ ಅಂತ ಹೇಳುತ್ತಿದ್ದ. ಪಕ್ಕದ ಮನೆಯವರಿಗೂ ಕೇಳಿಸುವಂತೆಯೇ ಹೇಳುತ್ತಿದ್ದ. ಕೊನೆಗೊಂದು ಮಾತು ಇದ್ದೇ ಇರುತ್ತಿತ್ತು.

“ಒಳ್ಳೆ ಬೆಂಕಿಗ ಒಗೆ ಇರಲ್ಲ ಕಣಮ್ಮಿ.”

ಅವ್ವ ತರುತ್ತಿದ್ದ ಸೌದೆ ಎಂಥದು ಅಂತ ಅವನು ಕೇಳಿದವನಲ್ಲ. ಕಾಡಿನಂಚಿನಲ್ಲಿ ಫಾರೆಸ್ಟ್ ಗಾರ್ಡಿನ ಕಣ್ಣು ತಪ್ಪಿಸಿ ಹೊತ್ತು ತಂದ ಲಂಟಾನದ ಕಡ್ಡಿ ಅದು. ನಮ್ಮ ಕಡೆ ಆರು ತಿಂಗಳು ಮಂಜು, ಮಳೆ. ಹಸಿ ಕಡ್ಡಿ ಹೊಗೆಯಾಡದೆ ಇನ್ನೇನು ಮಾಡುತ್ತದೆ? ಒಂದು ಸಲ ಅವನು ಅವ್ವನನ್ನು ಪಕ್ಕಕ್ಕೆ ಸರಿಸಿ ತಾನೇ ಒಲೆಯ ಮುಂದೆ ಕೂತ. ಸೂರಿನಡಿ ಕಟ್ಟಿಟ್ಟಿದ್ದ ಒಣ ಸೌದೆಯ ಹೊರೆಯನ್ನು ಎಳೆದು, ಅದರಲ್ಲೂ ಆರಿಸಿ ಒಂದೊಂದೇ ಇಟ್ಟು, ಹೊಗೆಯೇ ಇಲ್ಲದ ಉರಿ ಎಬ್ಬಿಸಿ ತೋರಿಸಿದ. ನೋಡು, ಕಲಿ ಅಂದ. ಆಷಾಢದ ಜಡಿಮಳೆಗೆ ಬೇಕಾಗುತ್ತದೆ ಅಂತ ಅವ್ವ ಎರಡು ತಿಂಗಳಿಂದ ಮುಚ್ಚಿಟ್ಟಿದ್ದ ಸೌದೆ ಅದು. ಒಂದು ಹೊತ್ತಿನ ಪಾಠಕ್ಕೆ ಅರ್ಧ ಹೊರೆ ಬೂದಿಯಾಯಿತು. ಅವ್ವ ಏನೂ ಅನ್ನಲಿಲ್ಲ. ಅವಳು ಅನ್ನದೇ ಇದ್ದದ್ದಕ್ಕೂ ನನಗೆ ಸಿಟ್ಟಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೇಳಿದ್ದೆ. ನಿನ್ನ ಎಂಜಿನ್ನಿಗೆ ಹೊಗೆ ಹೋಗಲು ಕೊಳವೆ ಇದೆಯಲ್ಲ, ನಮ್ಮ ಅಡುಗೆಮನೆಗೆ ಯಾಕಿಲ್ಲ ಅಂತ. ಎಂಜಿನ್ನಿಗೂ ಹೆಂಗಸರ ಒಲೆಗೂ ಏನೇ ಸಂಬಂಧ ಅಂತ ನಕ್ಕ. ಗಾಳಿ ಹೇಗೆ ಒಳಗೆ ಬರಬೇಕು, ಹೊಗೆಯನ್ನು ಹೇಗೆ ಮೇಲಕ್ಕೆ ಎಳೆಯಬೇಕು ಅಂತ ಮೂವತ್ತು ವರ್ಷ ಅದನ್ನೇ ಉಂಡು ಉಸಿರಾಡಿದ ಮನುಷ್ಯ, ಹೆಂಡತಿಯ ತಲೆಯ ಮೇಲಿನ ಸೂರಿಗೆ ಒಂದು ತೂತು ಕೊರೆಯಲಿಲ್ಲ. ಅವ್ವನ ಕಣ್ಣು ಯಾವಾಗಲೂ ಕೆಂಪಗೆ, ನೀರು ಸೋರುತ್ತಲೇ ಇರುತ್ತಿತ್ತು. ತಾಳವಾಡಿಯ ಡಾಕ್ಟರು ಹೊಗೆಯಿಂದ ದೂರ ಇರಿ ಅಂದರು. ಒಲೆ ಹಚ್ಚೋದು ಕಲಿತರೆ ಸರಿ ಹೋಗುತ್ತದೆ ಅಂತ ಅಪ್ಪ ಡಾಕ್ಟರ ಮುಂದೆಯೇ ಹೇಳಿದ.

ಅವನು ನಿವೃತ್ತನಾಗಿ ಊರಿಗೆ ಬಂದು ಕೂತ ಮೇಲೆ ತಿಂಗಳ ಪಾಠ ದಿನದ ಪಾಠವಾಯಿತು. ಅಷ್ಟರಲ್ಲಿ ನಾನು ತಾಳವಾಡಿಯಲ್ಲಿ ಟೀಚರಾಗಿದ್ದೆ, ಕನ್ನಡ ಹೇಳಿಕೊಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಒಂದು ದಿನ ತಮಿಳಿನಲ್ಲಿ ಬರೆದ ಕಾಗದ ಬಂತು. ಹಳೇ ರೈಲು ಎಂಜಿನ್ ಅಂದರೆ ಪ್ರಾಣ ಬಿಡುವ ಪಟ್ಟಣದ ಕೆಲವರು ಸೇರಿ ಬೆಟ್ಟದ ರೈಲನ್ನು ಒಂದು ಭಾನುವಾರದ ಮಟ್ಟಿಗೆ ಗೊತ್ತು ಮಾಡಿದ್ದರು. ಉಗಿ ಎಂಜಿನ್ನು, ಡೀಸೆಲ್ ಎಂಜಿನ್ನು ಎರಡನ್ನೂ ಓಡಿಸಿ ಫೋಟೊ ತೆಗೆಯುವ ವಿಶೇಷ ದಿನವಂತೆ. ಹಳೆಯ ಫೈರ್‌ಮನ್ ಒಬ್ಬರಿಗೆ ಸನ್ಮಾನ ಮಾಡಿ, ಅವರ ಕೈಯಿಂದಲೇ ಅವತ್ತು ಬೆಂಕಿ ಹಾಕಿಸಬೇಕು ಅಂತ ಅಪ್ಪನ ವಿಳಾಸ ಹುಡುಕಿದ್ದರು. ಮನೆಯವರನ್ನೂ ಕರೆದುಕೊಂಡು ಬನ್ನಿ ಅಂತಲೂ ಇತ್ತು.

ಅಪ್ಪ ಆ ಕಾಗದವನ್ನು ನನ್ನ ಕೈಲಿ ನಾಲ್ಕು ಸಲ ಓದಿಸಿದ. ಆಮೇಲೆ ಅವ್ವನಿಗೆ ಹೇಳಿದ, ಬಂದು ನೋಡು, ಬೆಂಕಿ ಅಂದರೆ ಏನು ಅಂತ ಅವತ್ತು ಗೊತ್ತಾಗುತ್ತದೆ. ಅವ್ವ ಎಂದೂ ಅವನ ಎಂಜಿನ್ ನೋಡಿದವಳಲ್ಲ. ಹೊಸ ಸೀರೆ ಉಟ್ಟಳು. ದಿಂಬಂ ಘಟ್ಟದ ತಿರುವುಗಳಲ್ಲೆಲ್ಲ ವಾಂತಿ ಮಾಡಿಕೊಂಡರೂ ಮುಖದಲ್ಲಿ ಏನೋ ಗೆಲುವಿತ್ತು. ಇಷ್ಟು ವರ್ಷ ಬೈಸಿಕೊಂಡದ್ದು ಯಾತಕ್ಕಾಗಿ ಅಂತ ಕಣ್ಣಾರೆ ನೋಡಿಬಿಟ್ಟರೆ ಸಮಾಧಾನ ಆದೀತು ಅಂತ ಅವಳಿಗೆ ಅನ್ನಿಸಿತ್ತೋ ಏನೋ.

ನಿಲ್ದಾಣದಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ಅಪ್ಪ ಹಳೇ ಖಾಕಿ ಅಂಗಿ ಹಾಕಿಕೊಂಡು, ತಲೆಗೆ ವಸ್ತ್ರ ಸುತ್ತಿ ಎಂಜಿನ್ ಹತ್ತಿದ. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ನನಗೂ ಎದೆ ತುಂಬಿತು. ಅವ್ವ, ನಾನು ಹಿಂದಿನ ಡಬ್ಬಿಯಲ್ಲಿ ಕೂತೆವು. ಕೂತ ಮೇಲೆ ನೋಡಿದರೆ ರೈಲಿನ ಬಾಲಕ್ಕೆ ಡೀಸೆಲ್ ಎಂಜಿನ್ ಕಟ್ಟಿದ್ದರು. ಬೆಟ್ಟಕ್ಕೆ ನಮ್ಮನ್ನು ದಬ್ಬುತ್ತಿದ್ದದ್ದು ಅದೇ. ಹಳೇ ಎಂಜಿನ್ನಿಗೆ ಭಾರ ಎಳೆಸಬಾರದು, ಅದು ಮುಂದೆ ಇದ್ದರೆ ಸಾಕು ಅಂತ ಡಬ್ಬಿಯಲ್ಲಿದ್ದವರೊಬ್ಬರು ವಿವರಿಸಿದರು. ಅಂದರೆ ಅಪ್ಪನ ಬೆಂಕಿ ಬರೀ ತೋರಿಕೆಗೆ.

ಕಲ್ಲಿನ ಸೇತುವೆಯೊಂದರ ಹತ್ತಿರ ಎಲ್ಲರನ್ನೂ ಇಳಿಸಿದರು. ಕ್ಯಾಮೆರಾದವರು ದಿಬ್ಬದ ಮೇಲೆ ಸಾಲಾಗಿ ನಿಂತರು. ರೈಲು ಹಿಂದಕ್ಕೆ ಹೋಗಿ ತಿರುಗಿ ಮುಂದೆ ಬರಬೇಕು, ಇವರು ಫೋಟೊ ಹೊಡೆಯಬೇಕು. ಅವ್ವ, ನಾನು ಅವರ ಬೆನ್ನ ಹಿಂದೆ ನಿಂತೆವು. ಮೊದಲನೇ ಸಲ ರೈಲು ಬಂತು. ಕೊಳವೆಯ ಬಾಯಲ್ಲಿ ಬೆಳ್ಳಗೆ ಸ್ವಲ್ಪ ಉಗಿ ಬಿಟ್ಟರೆ ಏನೂ ಇಲ್ಲ, ಹಿಂದಿನ ಮರಗಳೆಲ್ಲ ಸ್ವಚ್ಛವಾಗಿ ಕಾಣುತ್ತಿದ್ದವು. ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅವ್ವನನ್ನೇ ನೋಡುತ್ತಾ ಹೋದ. ಅವ್ವ ಸೆರಗು ಸರಿಮಾಡಿಕೊಂಡಳು. ಅಲ್ಲಿಗೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಕ್ಯಾಮೆರಾದವರಿಗೆ ಸಪ್ಪೆಯಾಗಿಹೋಯಿತು. ಟೋಪಿ ಹಾಕಿದ್ದ ಅವರ ಮುಖಂಡ ಎಂಜಿನ್ ಹತ್ತಿರ ಓಡಿದ. ಏನಾಯಿತೋ ಅಂತ ನಾನೂ ಹಿಂದೆಯೇ ಹೋದೆ. ಹೊಗೆ ಎಲ್ಲಿ ಅಂತ ಅವನು ಕೇಳಿದ. ಅಪ್ಪ ತಮಿಳಿನಲ್ಲಿ, ಮಕ್ಕಳಿಗೆ ಹೇಳುವ ಹಾಗೆ, ಒಳ್ಳೆಯ ಬೆಂಕಿಗೆ ಹೊಗೆ ಇರುವುದಿಲ್ಲ ಅಂತ ಬಿಡಿಸಿ ಹೇಳಿದ. ಕಪ್ಪು ಹೊಗೆ ಫೈರ್‌ಮನ್ನಿಗೆ ಅವಮಾನ ಅಂದ. ಟೋಪಿಯವನು ಬಹಳ ಮರ್ಯಾದೆಯಿಂದಲೇ, ಅಯ್ಯಾ, ಹೊಗೆ ಇಲ್ಲದಿದ್ದರೆ ಚಿತ್ರವೇ ಇಲ್ಲ, ನಿಮಗೆ ಕಷ್ಟವಾದರೆ ಕೆಳಗೆ ಇಳಿದು ಆರಾಮಾಗಿ ಕೂತುಕೊಳ್ಳಿ, ಶೆಡ್ಡಿನವರೇ ಯಾರಾದರೂ ಹಾಕುತ್ತಾರೆ ಅಂದ.

ಅಪ್ಪ ಸ್ವಲ್ಪ ಹೊತ್ತು ಸಲಿಕೆಯನ್ನೇ ನೋಡಿದ. ಇಳಿದುಬಿಡುತ್ತಾನೆ ಅಂದುಕೊಂಡೆ. ಇಳಿಯಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಇಳಿದಿದ್ದರೆ ಅವ್ವನಿಗೆ ಬೈದದ್ದಕ್ಕೆಲ್ಲ ಒಂದು ಅರ್ಥವಾದರೂ ಇರುತ್ತಿತ್ತು.

ಅವನು ಒಲೆಯ ಬಾಗಿಲು ತೆರೆದು ಸಲಿಕೆ ಮೇಲೆ ಸಲಿಕೆ ಕಲ್ಲಿದ್ದಲು ಸುರಿದ.

ಎರಡನೇ ಸಲ ರೈಲು ಬಂದಾಗ ಆಕಾಶ ಕಾಣಲಿಲ್ಲ. ಕಂಬಳಿಯಷ್ಟು ದಪ್ಪನೆಯ ಕಪ್ಪು ಹೊಗೆ ಸೇತುವೆಯನ್ನು ಮುಚ್ಚಿಕೊಂಡು ದಿಬ್ಬಕ್ಕೆ ಬಂತು. ಜನ ಚಪ್ಪಾಳೆ ತಟ್ಟಿದರು. ಅವ್ವ ಬಾಗಿ ಕೆಮ್ಮಿದಳು, ಹೊಸ ಸೀರೆಯ ತುಂಬ ಮಸಿಯ ಚುಕ್ಕೆ. ಅಷ್ಟಾದರೂ ಪಾಪ ಅನ್ನಬಹುದು, ಬಲವಂತಕ್ಕೆ ಮಾಡಿದ ಅನ್ನಬಹುದು. ಆದರೆ ಮೂರನೇ ಸಲ ಅವನಿಗೆ ಯಾರೂ ಹೇಳಲಿಲ್ಲ. ತಾನೇ ಇನ್ನಷ್ಟು ಸುರಿದು, ಎರಡನೇ ಸಲಕ್ಕಿಂತ ಕಪ್ಪಗೆ ಮಾಡಿ, ಕಿಟಕಿಯಿಂದ ಬಾಗಿ ನಗುತ್ತಾ ಕೈ ಬೀಸಿದ. ಅವ್ವನ ಕಡೆಗಲ್ಲ, ಕ್ಯಾಮೆರಾಗಳ ಕಡೆಗೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನನಗೆ ಟೋಪಿಯವನ ಮೇಲೆ ಬಂದ ಸಿಟ್ಟು ಹನ್ನೆರಡಾಣೆಯಾದರೆ ಅಪ್ಪನ ಮೇಲೆ ಬಂದದ್ದು ನೂರು ರೂಪಾಯಿ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಶಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಕೂತಿದ್ದ. ಬಸ್ಸು ಘಟ್ಟ ಹತ್ತಿ ಹಾಸನೂರು ಮುಟ್ಟಿದಾಗ ಅವ್ವ ನನ್ನ ಕಡೆ ತಿರುಗಿದಳು. ಗಂಡನಿಗೆ ಹೇಳಬೇಕಾದ್ದನ್ನು ಅವ್ವ ಯಾವಾಗಲೂ ನನಗೆ ಹೇಳುತ್ತಿದ್ದಳು, ಅವತ್ತೂ ಹಾಗೇ ಹೇಳಿದಳು.

“ಕೂಸು, ನಿಮ್ಮಪ್ಪುನ್ನ ಕೇಳು. ಅಷ್ಟು ಒಗೆಯ ನಾನು ಯಾವತ್ತಾರ ಮಾಡಿದ್ನಾ ಅಂತ.”

“ಅದು ಫೋಟೊಕ್ಕ ಮಾಡಿದ್ದು ಕಣಮ್ಮಿ,” ಅಂದ ಅಪ್ಪ, ಕಿಟಕಿಯಿಂದ ತಿರುಗದೆ.

“ನಾನು ಮಾಡಿದ್ದು ಒಟ್ಟೆಗ,” ಅಂದಳು ಅವ್ವ.

ನಾನಾಗಿದ್ದರೆ ಬಸ್ಸಿನ ತುಂಬ ಕೇಳಿಸುವಂತೆ ಹೇಳುತ್ತಿದ್ದೆ. ಹೇಳಲೂಬೇಕಿತ್ತು. ಅಷ್ಟು ದೊಡ್ಡ ಬಾಯಿ ಇದ್ದೂ ಅವತ್ತು ಸುಮ್ಮನೆ ಕೂತೆನಲ್ಲ ಅಂತ ನನ್ನ ಮೇಲೂ ನನಗೆ ಸಿಟ್ಟಿದೆ.

ತಿಂಗಳ ಮೇಲೆ ಫೋಟೊ ಬಂತು. ಕ್ಯಾಲೆಂಡರಿನಷ್ಟು ದೊಡ್ಡದು. ಸೇತುವೆ, ಎಂಜಿನ್, ಅದರ ಮೇಲೆ ಬೆಟ್ಟದಂಥ ಕಪ್ಪು ಹೊಗೆ, ಕಿಟಕಿಯಲ್ಲಿ ನಗುವ ಅಪ್ಪ. ಹಿಂದೆ ದಬ್ಬುತ್ತಿದ್ದ ಡೀಸೆಲ್ ಎಂಜಿನ್ ಅದರಲ್ಲಿ ಇರಲಿಲ್ಲ. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಬೇಕು ಅಂತ ಅಪ್ಪ ತಾಳವಾಡಿಗೆ ಹೊರಡುವ ಬಸ್ಸಿನ ಹೊತ್ತು ಕೇಳುತ್ತಿದ್ದ. ಅಷ್ಟರಲ್ಲಿ ಅವ್ವ ರಾಗಿ ಗಂಜಿ ಕಲಸಿ ಅದನ್ನು ಅಡುಗೆಮನೆಯ ಗೋಡೆಗೆ, ಒಲೆಯ ನೇರ ಮೇಲೆ, ಅಂಟಿಸಿಬಿಟ್ಟಿದ್ದಳು. ಅಪ್ಪ ಊಟಕ್ಕೆ ಕೂರುತ್ತಿದ್ದದ್ದು ಅದರ ಎದುರಿಗೆ.

ಅವನು ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. ಮುದ್ದೆ ಮುರಿಯುತ್ತಾ ಒಂದು ಸಲ ತಲೆ ಎತ್ತಿದವನು ಆಮೇಲೆ ತಟ್ಟೆ ನೋಡಿಕೊಂಡೇ ಉಂಡ. ಅವ್ವನ ಹಸಿ ಕಡ್ಡಿ ಎಂದಿನಂತೆ ಹೊಗೆಯಾಡಿತು. ಹೊಗೆಯ ಬಗ್ಗೆ ಒಂದು ಮಾತು ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ವಾರ ಕಳೆಯುವ ಹೊತ್ತಿಗೆ ಫೋಟೊದಲ್ಲಿದ್ದ ಅಪ್ಪನ ಮುಖದ ಮೇಲೂ ಮಸಿ ಹಿಡಿದಿತ್ತು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ಅವನು ಎಲ್ಲಿಂದಲೋ ಒಂದು ತಗಡು ತಂದ, ಅದನ್ನು ಸುರುಳಿ ಸುತ್ತಿ ಕೊಳವೆ ಮಾಡಿದ, ಏಣಿ ಹಾಕಿ ಸೂರಿಗೆ ಹತ್ತಿದ. ನಾಲ್ಕು ಹೆಂಚು ತೆಗೆದು, ಕೊಳವೆ ಇಳಿಸಿ, ಸುತ್ತ ಮಣ್ಣು ಮೆತ್ತಿದ. ಅವ್ವ ಒಲೆ ಹಚ್ಚಿದಳು. ಹೊಗೆ, ದಾರಿ ಗೊತ್ತಿದ್ದಂತೆ, ನೇರ ಮೇಲಕ್ಕೆ ಹೋಯಿತು. ಹೊಗೆಯಿಲ್ಲದ ಅಡುಗೆಮನೆಯ ಆಚೆ ಗೋಡೆಯಲ್ಲಿ ದೀಪ ಇಡುವ ಒಂದು ಗೂಡು ಇದೆ ಅನ್ನುವುದನ್ನು ನಾನು ಅವತ್ತು ಸರಿಯಾಗಿ ನೋಡಿದೆ.

ಊರಿನವರು ಬಂದು ನೋಡಿ ಹೊಗಳಿದರು, ತಮ್ಮ ಮನೆಗೂ ಮಾಡಿಕೊಡಿ ಅಂದರು. ಅವನು ಮಾಡಿಕೊಟ್ಟ ಕೂಡ. ಅವ್ವನ ಕಣ್ಣಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ, ತಡವಾಯಿತು ಅಂದರು ಡಾಕ್ಟರು. ನನ್ನ ಸಿಟ್ಟಿಗೂ ಏನೂ ಆಗಲಿಲ್ಲ. ಅವನು ಸೂರಿಗೆ ಹತ್ತಿದಾಗ ನಾನು ಗಡಿಯಾರ ನೋಡಿದ್ದೆ, ಇಳಿದಾಗಲೂ ನೋಡಿದೆ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಆ ಒಂದು ಗಂಟೆಯೂ ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದವಳು ಅವ್ವ.