ಕಾರ್ಡಿನ ಹಿಂದಿನ ಹೆಸರು

ನನ್ನ ಮೊಮ್ಮಗಳು ಶುಭಾಶಯದ ಕಾರ್ಡು ಮಾಡಿ ಮಾರುತ್ತಾಳೆ ಎಂದರೆ ಜನ ಮೊದಲು ನಗುತ್ತಿದ್ದರು. "ಕಾಗದಕ್ಕ ದಾರ ಹಾಕೂದೂ ಒಂದು ಧಂದೇ ಏನ್ರಿ?" ಎನ್ನುತ್ತಿದ್ದರು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಂಥ ನಾನು ಪೆನ್ನು ಹಿಡಿದು ಕುಳಿತಿದ್ದೇನೆ ಎಂದರೆ ಹೊಟ್ಟೆಯಲ್ಲಿ ಎಷ್ಟು ಸಂತೋಷವಿರಬೇಕು ನೋಡಿ. ಸಿಟ್ಟೂ ಅಷ್ಟೇ ಇದೆ. ಅದನ್ನೇ ಮೊದಲು ಹೇಳುತ್ತೇನೆ.

ಆಗಿನ್ನೂ ಎಲ್ಲರ ಕೈಗೆ ಫೋನು ಬಂದಿರಲಿಲ್ಲ. ಹೊಸ ವರ್ಷ ಬಂತು, ರಂಜಾನ್ ಬಂತು ಎಂದರೆ, ಊರು ಬಿಟ್ಟು ಬಂದು ನಾವಿದ್ದ ಕಾಚಿಗೂಡದ ಅಂಗಡಿಗಳ ಮುಂದೆ ಹಗ್ಗ ಕಟ್ಟಿ ಕಾರ್ಡುಗಳನ್ನು ತೂಗುಹಾಕುತ್ತಿದ್ದರು. ನನ್ನ ಮೊಮ್ಮಗಳಿಗೆ ಕೊಳ್ಳುವುದಕ್ಕಿಂತ ಮಾಡುವ ಹುಚ್ಚು. ದಪ್ಪ ಹಾಳೆಯನ್ನು ಎರಡಾಗಿ ಮಡಚಿ, ಹೂವು ಬರೆದು, ಗೆಳತಿಯರಿಗೆ ಕೊಡುತ್ತಿದ್ದಳು. ಒಂದು ದಿನ ನನ್ನ ಹಳೆಯ ಇಳಕಲ್ಲ ಸೀರೆಯ ಸೆರಗನ್ನು ಕಾಲ ಮೇಲೆ ಹರವಿಕೊಂಡು ಕೇಳಿದಳು: "ಅಜ್ಜಿ, ಈ ಕಸೂತಿ ಕಾಗದದ ಮ್ಯಾಲ ಬರ್ತೈತೇನು?"

ಬರುತ್ತದೋ ಇಲ್ಲವೋ ನನಗೇನು ಗೊತ್ತು? ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಹಾಳೆ ಇಟ್ಟು, ಸೂಜಿಯಿಂದ ಸಾಲಾಗಿ ತೂತು ಚುಚ್ಚಿಕೊಟ್ಟೆ. ಅವಳು ದಾರ ಎಳೆದಳು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬಿಕೊಂಡು ಬರುವುದು. ಒಂದು ಗೋಪುರ, ಎರಡು ನವಿಲು ಎದ್ದು ನಿಂತವು. ಕಸೂತಿಗೆ ಬೆನ್ನಿಲ್ಲ, ಎರಡೂ ಕಡೆ ಮುಖವೇ. ಗಂಟು ಹಾಕುವ ಹಾಗೇ ಇಲ್ಲ. ನಮ್ಮವ್ವ ಗಂಟು ಕಂಡರೆ ಇಡೀ ಸೆರಗು ಬಿಚ್ಚಿಸುತ್ತಿದ್ದಳು. ನಾನೂ ಮೊಮ್ಮಗಳಿಗೆ ಅದನ್ನೇ ಹೇಳಿಕೊಟ್ಟೆ. ಕಾರ್ಡು ತೆರೆದರೆ ಒಳಗೂ ಅದೇ ನವಿಲು. ಹಿಂದಿನ ಪುಟದ ಕೆಳಗೆ ಅವಳು ಸಣ್ಣ ಅಕ್ಷರದಲ್ಲಿ ತನ್ನ ಹೆಸರು ಬರೆದಳು.

ಸ್ಟೇಶನ್ ರಸ್ತೆಯ ಅಂಗಡಿಯವನೊಬ್ಬ ಮಾರಿದ ಮೇಲೆ ದುಡ್ಡು ಎಂದು ಒಂದು ಕಟ್ಟು ಕಾರ್ಡು ತೆಗೆದುಕೊಂಡ. ಬೀದರ ಕಡೆಯವನು, ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ಹಿಂದಿ. ಮನೆಯವರೆಲ್ಲ ಹಬ್ಬ ಮಾಡಿದೆವು. ಎಂಟು ದಿನ ಬಿಟ್ಟು ಮಾರುಕಟ್ಟೆಗೆ ಹೊರಟ ನಾನೂ ಮೊಮ್ಮಗಳೂ ನಮ್ಮ ಕಾರ್ಡು ಹಗ್ಗದ ಮೇಲೆ ಹೇಗೆ ಕಾಣುತ್ತದೆ ನೋಡೋಣ ಎಂದು ನಿಂತೆವು. ನಾನೇ ಒಂದನ್ನು ತೆಗೆದು ಬಿಡಿಸಿದೆ. ಒಳಗಿನ ನವಿಲು ಇಲ್ಲ. ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚು ಮಾಡಿಸಿದ ಕಾಗದ ಅಂಟಿಸಿದ್ದ. ತಿರುಗಿಸಿದೆ. ಮೊಮ್ಮಗಳ ಹೆಸರಿನ ಮೇಲೆ ಚೀಟಿ, ಚೀಟಿಯ ಮೇಲೆ ಅವನ ಅಂಗಡಿಯ ರಬ್ಬರ್ ಸಿಕ್ಕೆ.

"ಸಾವ್ಕಾರ್ರ, ಇದೇನ್ರಿ ಇದು? ನಮ್ಮ ಹುಡುಗಿ ಕಣ್ಣು ಕಿತ್ತುಕೊಂಡು ಮಾಡಿದ್ದನ್ನ ಮುಚ್ಚೀರಿ?"

"ಕುಂದರ್ರಿ ಅವ್ವಾರ. ಛಾ ತರಸ್ಲಿ?"

"ನಿಮ್ಮ ಛಾ ನೀವ ಕುಡೀರಿ."

ಬೆರಳಿಗೆ ಉಗುಳು ಹಚ್ಚಿಕೊಂಡು ಆ ಕಾಗದವನ್ನು ಕೀಳಲು ಹೋದೆ. ಕಾಗದದ ಜೊತೆ ದಾರವೂ ಬಂತು. ಸರಸರ ಬಂದು ಒಂದು ನವಿಲಿನ ಕತ್ತೇ ಹೋಯಿತು. ಅಂಗಡಿಯಲ್ಲಿದ್ದ ಗಿರಾಕಿಗಳು ನೋಡುತ್ತಿದ್ದರು.

ಅವನು ನಗಲಿಲ್ಲ, ಅದಕ್ಕೇ ನನಗೆ ಇನ್ನೂ ಉರಿಯಿತು. "ನೋಡಿದ್ರಿಲ್ಲೋ ಅವ್ವಾರ? ಬಟ್ಟಿ ದಾರಾನ ಹಿಡಕೋತೈತಿ, ಕಾಗದ ಹಿಡಕೋತೈತೇನು? ಗಿರಾಕಿ ಮೂರು ಮಂದಿ ವಾಪಸ್ ತಂದ್ರು. ಗಂಟಿಲ್ಲ, ಏನಿಲ್ಲ. ಅದಕ್ಕ ಕಾಗದ ಹಚ್ಚೀನಿ."

ತಪ್ಪು ನನ್ನದೇ. ಬಟ್ಟೆಯ ಶಾಸ್ತ್ರವನ್ನು ಕಾಗದಕ್ಕೆ ಹೇಳಿದ್ದೆ. ಆದರೆ ನಾನು ಅಷ್ಟಕ್ಕೇ ಬಿಡುವವಳಲ್ಲ.

"ಕಾಗದ ಹಚ್ಚಿದ್ದು ಆತು. ಹೆಸರು ಯಾಕ ಮುಚ್ಚಿದ್ರಿ? ಹೆಸರೇನು ಬಿಚ್ಚಿ ಬರ್ತಿತ್ತೇನು?"

"ಅಯ್ಯ, ಹುಡುಗಿ ಹೆಸರಿಗೇನ್ರಿ? ನಾಳೆ ಲಗ್ನ ಆದ್ರ ಬದಲಾಗತೈತಿ. ಅಂಗಡಿ ಹೆಸರು ಹಂಗ ಇರತೈತಿ."

ನಮ್ಮ ಕಡೆ ಲಗ್ನದಲ್ಲಿ ಅಕ್ಕಿ ಹರವಿದ ತಾಟಿನಲ್ಲಿ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ನನಗೂ ಬರೆದರು. ಆ ಅಕ್ಷರ ಓದಲು ಬಂದದ್ದಕ್ಕೆ ಗೊತ್ತಾಯಿತು, ಇನ್ನು ಮೇಲೆ ನಾನು ಯಾರು ಎಂದು. ತವರುಮನೆಯ ಹೆಸರು ಹಿಡಿದು ನನ್ನನ್ನು ಕರೆಯುವವರು ಈಗ ಒಬ್ಬರೂ ಉಳಿದಿಲ್ಲ. ಆ ಹೆಸರು ಬದಲಾಗುವ ಮಾತನ್ನು ಇವನು ಹಣದ ಗಲ್ಲೆಯ ಹಿಂದೆ ಕುಳಿತು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ನನ್ನ ಮೊಮ್ಮಗಳ ಎದುರಿಗೇ ಆಡಿದ. ಹಗ್ಗದ ಮೇಲಿದ್ದ ನಮ್ಮ ಕಾರ್ಡನ್ನೆಲ್ಲ ಕಿತ್ತು ಸೆರಗಿಗೆ ಹಾಕಿಕೊಂಡೆ.

ಮನೆಗೆ ಬಂದಮೇಲೆ ಮೊಮ್ಮಗಳು ನನ್ನ ಮೇಲೆ ಹರಿಹಾಯ್ದಳು. "ಇದ್ದದ್ದು ಒಂದು ಅಂಗಡಿ, ಅದನ್ನೂ ಕಳದಿ. ಗಂಟು ಹಾಕಬ್ಯಾಡ ಅಂದಾಕಿ ನೀನ."

"ಹೆಸರು ಹೋದ್ರ ಹೋಗಲಿ ಅಂತೀಯೇನ?"

"ಹಂಗ ಯಾರಂದ್ರು? ಮೊದಲ ದಾರ ನಿಲ್ಲಲಿ. ದಾರ ನಿಂತ್ರ ಹೆಸರಿನ ಮಾತು ನಾನ ಆಡ್ತೀನಿ."

ಎರಡು ದಿನ ಅವಳು ಸೂಜಿ, ಹಾಳೆ ಹಿಡಿದು ಮೂಲೆ ಸೇರಿದಳು. ಮೂರನೆಯ ದಿನ ಅವಳೇ ಒಂದು ಕಾರ್ಡು ತಂದು ನನ್ನ ಮುಂದಿಟ್ಟಳು. ಮರಳಿ ಬರುವ ದಾರವನ್ನು ಮೂರು ಹೊಲಿಗೆಗಳ ಕೆಳಗೆ ಸುತ್ತಿ, ತುದಿಗೆ ಸಾಸಿವೆ ಕಾಳಿನಷ್ಟು ಅಂಟು ಹಚ್ಚಿದ್ದಳು. ಕಸೂತಿಗೆ ಅಂಟು! ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದ ಹಾಗಾಯಿತು. ಉಗುರಿನಿಂದ ಎಳೆದೆ, ಸೂಜಿಯಿಂದ ಎಬ್ಬಿಸಿದೆ. ದಾರ ಬರಲಿಲ್ಲ. ಹಿಂದೆ ಗಂಟೂ ಇಲ್ಲ, ಎರಡೂ ಕಡೆ ನವಿಲು. "ನಮ್ಮವ್ವ ಇದ್ದಿದ್ರ ಒಪ್ತಿರ್ಲಿಲ್ಲ" ಎಂದೆ. "ನೀ ಒಪ್ಪಿದಿಯಲ್ಲ, ಸಾಕು" ಎಂದಳು. ನಾನು ಎಲ್ಲಿ ಒಪ್ಪಿದ್ದೆ? ಕಾರ್ಡನ್ನು ಅವಳ ಕೈಗೆ ತಿರುಗಿ ಕೊಟ್ಟೆ, ಅಷ್ಟೇ.

ಲಿಂಗಂಪಲ್ಲಿಯ ಆಚೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಸಂಕ್ರಾಂತಿಗೆ ಅರಿಶಿನ ಕುಂಕುಮಕ್ಕೆ ಸೇರುತ್ತಿದ್ದರು. ಅಲ್ಲಿಗೆ ಅವಳು ಚೀಲ ತುಂಬ ಕಾರ್ಡು ಒಯ್ದಳು. ಆ ಹೆಂಗಸರಿಗೆ ಏನೂ ಹೇಳಿಕೊಡಬೇಕಾಗಲಿಲ್ಲ. ಕೈಗೆ ಬಂದ ಕೂಡಲೇ ಕಾರ್ಡು ತೆರೆದು ಒಳಗಿನ ನವಿಲು ನೋಡಿದರು, ಗಂಟು ಹುಡುಕಿದರು. ಆಮೇಲೆ ಹಿಂದಿನ ಪುಟ ತಿರುಗಿಸಿ ಹೆಸರು ಓದಿದರು. ಚೀಲ ಅಲ್ಲೇ ಖಾಲಿ. ಒಬ್ಬರು ಕೂಸಿನ ತೊಟ್ಟಿಲಿಗೆ ಕರೆಯಲು ಕಾರ್ಡು ಬೇಕೆಂದರು, ಇನ್ನೊಬ್ಬರು ಗೃಹಪ್ರವೇಶಕ್ಕೆ. ಉಳಿದವರು ಪೇಟೆಗೆ ಬಂದಾಗ ಕಾಚಿಗೂಡದ ಅಂಗಡಿಗಳಲ್ಲಿ ಅವಳ ಹೆಸರು ಹಿಡಿದು ಕೇಳತೊಡಗಿದರು.

ಆ ಸಾವ್ಕಾರನೇ ಕಾರ್ಡು ಬೇಕೆಂದು ಹೇಳಿಕಳಿಸಿದ. ನಾನು ಸೀರೆ ಬದಲಿಸಿ ತಯಾರಾದೆ. ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತಳು.

"ನೀ ಬರಬ್ಯಾಡ ಅಜ್ಜಿ. ನೀ ಬಂದ್ರ ಜಗಳ ಆಕ್ಕತಿ."

ನೋಡಿ, ಹೇಗಿದೆ. ಕಲಿಸಿದವಳು ನಾನು, ಮಾನಕ್ಕಾಗಿ ಬಡಿದಾಡಿದವಳು ನಾನು, ಮನೆಯಲ್ಲಿ ಕುಳಿತುಕೊಳ್ಳಬೇಕಾದವಳೂ ನಾನೇ. ಅವಳು ತಿರುಗಿ ಬರುವವರೆಗೆ ಹೊಸ್ತಿಲು ಬಿಟ್ಟು ಏಳಲಿಲ್ಲ. ಬಂದವಳ ಕೈಯಲ್ಲಿ ಚೀಲ ಬರಿದಾಗಿತ್ತು.

"ಹೆಸರು?"

"ಇರತೈತಿ. ಬಾಜೂಕ ಸಣ್ಣ ಸಿಕ್ಕೆ ಹೊಡೀತೀನಿ ಅಂದ. ಬ್ಯಾಡ ಅಂದೆ. ಹೂಂ ಅಂದ."

"ಕಾಗದ?"

"ಹಚ್ಚೂದಿಲ್ಲ."

ನನಗೆ ಎದ್ದು ಕುಣಿಯಬೇಕು ಅನಿಸಿತು, ಮೊಣಕಾಲು ಬಿಡಲಿಲ್ಲ. "ನನ್ನ ಮಾತು ಏನರೆ ತಗದ್ನೇನು?" ಎಂದೆ.

"ಅಜ್ಜಿ ಹ್ಯಾಂಗದಾರ ಅಂದ."

"ನೀ ಏನಂದಿ?"

"ಸಿಟ್ಟು ಇನ್ನೂ ಇಳದಿಲ್ಲ ಅಂದೆ."

ಸರಿಯಾಗಿಯೇ ಹೇಳಿ ಬಂದಿದ್ದಳು.